ಹೆಂಚಿನ ಮೇಲಿನ ಉಸಿರು

ಕಿಟಕಿ ಪೂರ್ತಿ ಹಾಕಬೇಡ. ಒಂದು ಬೆರಳು ತೂರುವಷ್ಟು ಬಿಡು... ಹಾಂ, ಅಷ್ಟು ಸಾಕು. ಚಳಿಯಾದರೆ ಕಂಬಳಿ ಎಳೆದುಕೋ. ಯಾಕೆ ಅಂತ ಕೇಳಬೇಡ, ಹೇಳುತ್ತೀನಿ. ಆದರೆ ಮಧ್ಯೆ ನಗಬಾರದು. ಇದು ಎಲ್ಲಿಯೋ ಯಾರಿಗೋ ಆಗಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳು ಸವೇತಕ್ಕನಿಗೆ ಆಗಿದ್ದು. ನಮ್ಮೂರು ಮೇಲಿನ ಲುಂಕದಲ್ಲಿ ಹಳೇ ಗಣಿಗೆ ಹೋಗುವ ರಸ್ತೆ ಇದೆಯಲ್ಲ, ಅಲ್ಲಿ ಏತದ ಬಾವಿ ದಾಟಿದರೆ ಎಡಕ್ಕೆ ಸಿಗುವ ಮನೆ. ಈಗಲೂ ಇದೆ. ಬೇಕಾದರೆ ಹೋಗಿ ನೋಡು.

ಚಳಿಗಾಲ ಇನ್ನೇನು ಶುರುವಾಗುವ ಹೊತ್ತು. ಕೆಳಗಿನ ಕೇರಿಯಲ್ಲಿ ಒಬ್ಬ ಮುದುಕ ತೀರಿಕೊಂಡಿದ್ದ. ಹೆಣ ಕಾಯೋಕೆ ಊರೆಲ್ಲ ಹೋಗಿತ್ತು. ಸವೇತಕ್ಕನೂ ಹೋಗಿದ್ದಳು. ಹೆಂಗಸರು ಅಳುತ್ತಿದ್ದರು. ಗಂಡಸರು ಪಳಿಂಕ ಸಾರಾಯಿ ಕುಡಿಯುತ್ತ ಇಸ್ಪೀಟು ಆಡುತ್ತಿದ್ದರು. ಸವೇತಕ್ಕನಿಗೆ ಅಳುವೂ ಬರಲಿಲ್ಲ, ಮಾತೂ ಬರಲಿಲ್ಲ. ಅವಳ ಗಂಡ ಗ್ಲಿಗೋರ್ ಭಾವ ಸತ್ತು ಆಗ ವರ್ಷವೂ ತುಂಬಿರಲಿಲ್ಲ. ಅವನು ಸತ್ತ ದಿನವೂ ಅವಳು ಅತ್ತಿರಲಿಲ್ಲ. ಕಾಲು ಮಡಿಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತಲ್ಲ... ಚಿವುಟಿದರೂ ಗೊತ್ತಾಗೋದಿಲ್ಲವಲ್ಲ... "ಎದೆಗೆ ಹಂಗೆ ಹಿಡಿದುಬಿಟ್ಟಿದೆ ಕಣೇ ಅನೂತ" ಅಂತ ನನ್ನ ಹತ್ತಿರ ಒಂದು ಸಲ ಹೇಳಿದ್ದಳು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಹೊತ್ತು ಮೀರಿ ಒಬ್ಬಳೇ ಎದ್ದು ಹೊರಟಳು. ಕೈಯಲ್ಲಿ ಟಾರ್ಚು. ರಸ್ತೆಯ ಮೇಲೆ ಮಂಜು ಗಟ್ಟಿಯಾಗಿ, ಬೂಟಿನಡಿ ಚರಕ್ ಚರಕ್ ಅನ್ನುತ್ತಿತ್ತು. ಬಾವಿ ಹತ್ತಿರ ಬಂದಳು. ಗಾಳಿಗೆ ಏತದ ಮರ ಕಿರ್‌ರ್... ಅಂತ ಒಂದು ಸಲ ಎದ್ದು, ಮತ್ತೆ ಕೂತಿತು. ಬಕೆಟ್ಟಿನ ತಳದಿಂದ ನೀರು ತೊಟಕ್... ತೊಟಕ್... ಅಂತ ಬಾವಿಯೊಳಗೆ ಬೀಳುತ್ತಿತ್ತು. ನಮ್ಮೂರಿನವರು ಆ ಬಾವಿ ಹತ್ತಿರ ಎದೆ ಮುಟ್ಟಿ ಶಿಲುಬೆ ಗುರುತು ಹಾಕಿಕೊಂಡೇ ದಾಟೋದು. ಸವೇತಕ್ಕ ಹಾಕಿಕೊಳ್ಳಲಿಲ್ಲ. ಮರೆತಳೋ, ಬೇಡ ಅನಿಸಿತೋ. ಬಾವಿ ಹತ್ತಿರ ಏನೂ ಆಗಲಿಲ್ಲ.

ಆಗಿದ್ದು ಮನೆಯೊಳಗೆ.

ಬಾಗಿಲು ತೆಗೆದಳು. ಒಳಗಿನ ಗಾಳಿ ಬೆಚ್ಚಗೆ, ದಪ್ಪಗೆ, ಮುಖಕ್ಕೆ ಬಟ್ಟೆ ಮುಚ್ಚಿದ ಹಾಗೆ. ದೀಪದ ಗುಂಡಿ ಹುಡುಕುತ್ತ ಗೋಡೆ ತಡವಿದಳು... ಆಗ ಕೇಳಿಸಿತು.

ಹ್ಞ... ಹ್ಞ... ಸುಯ್‌ಯ್‌ಯ್‌ಯ್...

ಎರಡು ಗಿಡ್ಡ. ಒಂದು ಉದ್ದ. ಉದ್ದದ ಕೊನೆಯಲ್ಲಿ ಒಂದು ಸಣ್ಣ ಸಿಳ್ಳು.

ಅದು ಗ್ಲಿಗೋರ್ ಭಾವನ ಉಸಿರು. ಕೊನೇ ಎರಡು ವರ್ಷ ಅವನು ಹಾಗೇ ಉಸಿರಾಡಿದ್ದು. ಮಲಗೋಕೆ ಆಗದೆ ಮಂಚದ ಅಂಚಿನಲ್ಲಿ ಕೂತು, ಮಂಡಿಯ ಮೇಲೆ ಕೈಯಿಟ್ಟು... ಹ್ಞ, ಹ್ಞ, ಸುಯ್‌ಯ್. ಆ ಸದ್ದಿನ ಪಕ್ಕದಲ್ಲೇ ಮಲಗಿ ಎದ್ದವಳು ಸವೇತಕ್ಕ. ಅವಳಿಗೆ ತಪ್ಪುತ್ತಾ?

ದೀಪ ಹಾಕಿದಳು. ಮಂಚ ಖಾಲಿ. ಸದ್ದು ನಿಲ್ಲಲಿಲ್ಲ. ಮಂಚದ ಅಂಚಿನಿಂದಲೇ ಬರುತ್ತಿತ್ತು. ಅವಳು ಏನು ಮಾಡಿದಳು ಗೊತ್ತಾ? ದೀಪ ಆರಿಸಿ, ಬೂಟು ಕಳಚಿ, ಗೋಡೆ ಕಡೆ ತಿರುಗಿ ಮಲಗಿದಳು.

"ಹೆದರಿಕೆ ಆಗಲಿಲ್ವಾ ಅಕ್ಕಾ?" ಅಂತ ನಾನು ಆಮೇಲೆ ಕೇಳಿದೆ.

"ಇಲ್ಲ."

"ಖುಷಿ?"

"ಅದೂ ಇಲ್ಲ ಕಣೇ. ಬಂದಿದಾನೆ ಅನಿಸ್ತು. ಅಷ್ಟೇ."

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು. ಭಾವನ ಅಕ್ಕ, ರವೇಕ. ಮದುವೆಯಾಗಿರಲಿಲ್ಲ. ತಾಯಿ ಹೆರಿಗೆಯಲ್ಲಿ ಹೋದಾಗ ರವೇಕ ಇನ್ನೂ ಹುಡುಗಿ. ಮೇಕೆ ಹಾಲು ಕುಡಿಸಿ ಗ್ಲಿಗೋರನ್ನ ಬದುಕಿಸಿದವಳು ಅವಳೇ. ಅವನಿಗೆ ಮದುವೆಯಾದ ಮೇಲೂ ಆ ಮನೆ ಬಿಟ್ಟು ಹೋಗಲಿಲ್ಲ. ಅಟ್ಟದ ಕೋಣೆ ಅವಳದ್ದು, ಕೆಳಗಿನ ಕೋಣೆ ಗಂಡ ಹೆಂಡತಿಯದ್ದು. ಅತ್ತಿಗೆ ನಾದಿನಿ ಜಗಳವೂ ಆಡುತ್ತಿರಲಿಲ್ಲ, ಮುದ್ದೂ ಮಾಡುತ್ತಿರಲಿಲ್ಲ. ಒಂದೇ ಒಲೆ. ಒಬ್ಬಳು ಸೌದೆ ಒಡೆದರೆ ಇನ್ನೊಬ್ಬಳು ಮೆಕ್ಕೆಜೋಳದ ಹಿಟ್ಟಿನ ಮಮಲಿಗ ತಿರುವುತ್ತಿದ್ದಳು.

ಮನೆ ಬಗ್ಗೆ ಸ್ವಲ್ಪ ಹೇಳಬೇಕು. ಹೇಳದಿದ್ದರೆ ಮುಂದಿನದು ಅರ್ಥವಾಗೋದಿಲ್ಲ. ಲುಂಕದಲ್ಲಿ ಗಂಡಸರೆಲ್ಲ ಗಣಿಗೆ ಹೋದವರೇ. ಯುರೇನಿಯಂ ಗಣಿ. ಅದಿರು ರೈಲಿನಲ್ಲಿ ಎಲ್ಲಿಗೋ ಹೋಗುತ್ತಿತ್ತು. ಬೇಡದ ಕಲ್ಲು ಗುಡ್ಡೆ ಗುಡ್ಡೆಯಾಗಿ ಹೊಳೆ ದಂಡೆಯಲ್ಲಿ ಬೀಳುತ್ತಿತ್ತು. ಒಳ್ಳೇ ಕಲ್ಲು ಅದು... ಸುತ್ತಿಗೆಯ ಒಂದು ಏಟಿಗೆ ಚೊಕ್ಕವಾಗಿ ಒಡೆಯುತ್ತಿತ್ತು. ಬಿಟ್ಟಿ ಬೇರೆ. ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಎಲ್ಲರೂ ತಂದರು. ತಳಪಾಯಕ್ಕೆ ಅದೇ, ನೆಲಕ್ಕೆ ಅದೇ, ಗೋಡೆಗೂ ಅದೇ. ಗ್ಲಿಗೋರ್ ಭಾವನೂ ತಂದು ಹಾಕಿದ. ಅಕ್ಕನ ಕೈಯಲ್ಲಿ ಗಾರೆ ಕಲಸಿಸಿ, ತಾನೇ ನಿಂತು ಕಟ್ಟಿದ ಮನೆ.

ಮೊದಲು ಆ ಮನೆಗೆ ಮರದ ಕಿಟಕಿ. ಸಂದುಗಳಲ್ಲಿ ಗಾಳಿ ಹುಯ್ಯೋ ಅನ್ನುತ್ತಿತ್ತು. ಎಷ್ಟು ಸೌದೆ ಸುಟ್ಟರೂ ಕಾಲು ಬೆಚ್ಚಗಾಗುತ್ತಿರಲಿಲ್ಲ. ಆಮೇಲೆ ಊರಿಗೆ ಪ್ಲಾಸ್ಟಿಕ್ ಚೌಕಟ್ಟಿನ ಜೋಡಿ ಗಾಜಿನ ಕಿಟಕಿ ಬಂತು. ಗ್ಲಿಗೋರ್ ಭಾವ ಹಾಸಿಗೆ ಹಿಡಿದ ವರ್ಷ ರವೇಕ ತನ್ನ ಹಸು ಮಾರಿ ಅವನ್ನು ಹಾಕಿಸಿದಳು. ತಮ್ಮನಿಗೆ ಚಳಿ ತಾಗಬಾರದು ಅಂತ. ಬಾಗಿಲಿನ ಅಂಚಿಗೆಲ್ಲ ರಬ್ಬರು. ಡಬ್ಬಿ ಮುಚ್ಚಿದ ಹಾಗೆ ಆಯ್ತು ಮನೆ. ಒಂದು ಇರುವೆಯ ಉಸಿರೂ ಹೊರಗೆ ಹೋಗುತ್ತಿರಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಭಾವ ಹೋದ. ಗಣಿ ತಿಂತು ಅಂದರು ಎಲ್ಲರೂ. ಗಣಿಗೆ ಹೋದವರು ಹಾಗೇ ತಾನೇ ಹೋಗೋದು?

ಆ ಬೇಸಿಗೆ ಕಿಟಕಿಗಳು ತೆರೆದೇ ಇದ್ದವು. ಏನೂ ಇರಲಿಲ್ಲ. ಚಳಿ ಬಂತು, ಕಿಟಕಿ ಹಾಕಿದರು... ಅವನು ಬಂದ.

ಸವೇತಕ್ಕ ರವೇಕಳಿಗೆ ಒಂದು ವಾರ ಹೇಳಲಿಲ್ಲ. ಆಮೇಲೆ ಒಂದು ದಿನ ಆಲೂಗಡ್ಡೆ ಸುಲಿಯುತ್ತ ಕೂತಾಗ ಮೆಲ್ಲಗೆ ಅಂದಳು.

"ಅತ್ತಿಗೆ... ನಿಮ್ಮ ತಮ್ಮ ಬರ್ತಾ ಇದಾನೆ."

ರವೇಕಳ ಕೈ ನಿಂತಿತು. "ಎಲ್ಲಿಗೆ?"

"ಕೆಳಗೆ. ರಾತ್ರಿ. ಮಂಚದ ಮೇಲೆ ಕೂರ್ತಾನೆ."

"ಕಂಡ್ನಾ?"

"ಇಲ್ಲ. ಉಸಿರು ಮಾತ್ರ."

ರವೇಕ ಆಲೂಗಡ್ಡೆ ಕೆಳಗಿಟ್ಟಳು. ಆ ರಾತ್ರಿ ಕೆಳಗೆ ಬಂದು ಸವೇತಕ್ಕನ ಪಕ್ಕ ಮಲಗಿದಳು. ಉಸಿರು ಬಂತು. ಹ್ಞ... ಹ್ಞ... ಸುಯ್‌ಯ್‌ಯ್. ಸವೇತಕ್ಕ ಪಿಸುಗುಟ್ಟಿದಳು, "ಹೂಂ... ಕೇಳಿ."

"ಏನು ಕೇಳೋದು?"

"ಈಗ... ಈಗ ಮತ್ತೆ..."

"ನನಗೇನೂ ಕೇಳಿಸ್ತಿಲ್ವಲ್ಲೇ."

ಬೆಳಗಿನವರೆಗೂ ಕಿವಿಗೊಟ್ಟು ಮಲಗಿದ್ದಳಂತೆ. ಏನೂ ಕೇಳಿಸಲಿಲ್ಲ. ಎದ್ದು ಹೋಗುವಾಗ ಅಂದಳು, "ಎತ್ತಿ ಆಡಿಸಿದವಳು ನಾನು. ನಿನಗೆ ಬರ್ತಾನೆ."

ಪಾದ್ರಿ ಬಂದು ತುಳಸಿ ಕಡ್ಡಿ ಅದ್ದಿ ನಾಲ್ಕೂ ಮೂಲೆಗೆ ನೀರು ಚಿಮುಕಿಸಿ ಹೋದರು. ಆ ರಾತ್ರಿಯೂ ಬಂದ. ಮರುದಿನವೂ ಬಂದ.

ಅದೇ ಚಳಿಗಾಲ ಕ್ಲುಜ್ ಪಟ್ಟಣದ ಕಡೆಯಿಂದ ಒಂದು ಹುಡುಗಿ ಬಂದಳು, ಕ್ರೀನ ಅಂತ. ಮನೆ ಮನೆಯ ಗಾಳಿ ಅಳೆಯುವ ಕೆಲಸ ಅವಳದ್ದು. ಬೆಂಕಿಪೊಟ್ಟಣದಷ್ಟು ಕಪ್ಪು ಪ್ಲಾಸ್ಟಿಕ್ ಡಬ್ಬಿಗಳನ್ನ ಮಂಚದ ಕೆಳಗೆ, ಕಪಾಟಿನ ಮೇಲೆ ಇಟ್ಟು ಹೋದಳು. ಮುಟ್ಟಬೇಡಿ, ತೊಳೆಯಬೇಡಿ, ಹಾಗೇ ಇರಲಿ ಅಂದಳು. ಹಿಮ ಕರಗಿದ ಮೇಲೆ ಬಂದು ತೆಗೆದುಕೊಂಡು ಹೋದಳು. ಆಮೇಲೆ ಮತ್ತೆ ಬಂದಾಗ ಅವಳ ಮುಖ ಸರಿ ಇರಲಿಲ್ಲ. ಅಂಗಳದಲ್ಲಿ ನಿಂತು ಹೇಳಿದಳು. ನೆರೆಮನೆಯ ತೋಡೆರ್, ಹೆಂಚು ಹೊದಿಸುವವನು, ಬೇಲಿಯ ಮೇಲೆ ಒರಗಿ ಕೇಳುತ್ತಿದ್ದ. ನಾನೂ ಇದ್ದೆ.

"ನಿಮ್ಮ ಮನೆ ಗಾಳಿ ಚೆನ್ನಾಗಿಲ್ಲಮ್ಮ. ನೆಲದ ಕಲ್ಲಿನಿಂದ ಒಂದು ಗಾಳಿ ಬರತ್ತೆ. ರೇಡಾನ್ ಅಂತ. ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇದೆ. ಅದೂ ಕೆಳಗಿನ ಕೋಣೆಯಲ್ಲಿ."

"ನಮಗೆ ಯಾವ ವಾಸನೆಯೂ ಬಂದಿಲ್ವಲ್ಲ?" ಅಂದಳು ರವೇಕ.

"ವಾಸನೆ ಇರಲ್ಲ. ಬಣ್ಣ ಇರಲ್ಲ. ಕಣ್ಣಿಗೆ ಕಾಣಲ್ಲ. ನೆಲದಿಂದ ಎದ್ದು ಬರತ್ತೆ, ಮುಚ್ಚಿದ ಮನೆಯಲ್ಲಿ ತುಂಬ್ಕೊಳ್ಳತ್ತೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ..."

ತೋಡೆರ್ ನಕ್ಕ. "ವಾಸನೆ ಇಲ್ಲ, ಕಾಣಲ್ಲ, ನೆಲದಿಂದ ಎದ್ದು ಬರತ್ತೆ, ರಾತ್ರಿ ಮಲಗಿದವರ ಉಸಿರು ತಿನ್ನತ್ತೆ... ಅದಕ್ಕೆ ನಮ್ಮೂರಲ್ಲಿ ಬೇರೆ ಹೆಸರಿದೆ ಕಣಮ್ಮ. ಸ್ತ್ರಿಗೋಯ್ ಅಂತೀವಿ, ಗೋರಿಯಿಂದ ಎದ್ದು ಬರೋ ಹೆಣ. ಓಡಿಸೋಕೆ ಬೆಳ್ಳುಳ್ಳಿ ತಂದಿದೀಯಾ?"

ಹುಡುಗಿ ಕೋಪ ಮಾಡಿಕೊಳ್ಳಲಿಲ್ಲ. "ಬೆಳ್ಳುಳ್ಳಿ ಬೇಡ ಅಣ್ಣ. ಕಿಟಕಿ ತೆಗೆದರೆ ಸಾಕು, ಅರ್ಧ ಹೋಗತ್ತೆ" ಅಂದಳು.

ಸವೇತಕ್ಕ ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. "ಅದು ಸದ್ದು ಮಾಡತ್ತಾ?" ಅಂತ ಕೇಳಿದಳು.

"ಯಾವುದಮ್ಮ?"

"ಆ ಗಾಳಿ."

"ಇಲ್ಲ. ಸದ್ದೂ ಇರಲ್ಲ. ಯಾಕೆ?"

"ಏನಿಲ್ಲ" ಅಂದಳು ಸವೇತಕ್ಕ.

ಚಳಿಗಾಲದಲ್ಲಿ ದಿನಾ ಕಿಟಕಿ ತೆಗೆದಿಟ್ಟರೆ ಒಲೆ ಹಚ್ಚಿ ಏನು ಬಂತು ಅಂತ ರವೇಕ ಗೊಣಗಿದಳು. ಅದಕ್ಕೂ ಒಂದು ಉಪಾಯ ಇದೆ ಅಂದಳು ಹುಡುಗಿ. ಕೆಲವು ಮನೆಗಳಿಗೆ ಅವರೇ ಬಂದು ಕೊಳವೆ ಹಾಕಿಕೊಡುತ್ತಿದ್ದರು. ಆ ಶರತ್ಕಾಲ ಇಬ್ಬರು ಕೆಲಸದವರು ಬಂದರು. ಕೆಳಗಿನ ಕೋಣೆಯ ಮೂಲೆಯಲ್ಲಿ ನೆಲ ಕೊರೆದರು, ಗರ್‌ರ್‌ರ್ ಅಂತ ಬೆಳಿಗ್ಗೆಯಿಂದ ಸಂಜೆಯವರೆಗೆ. ಬಕೆಟ್ಟಿನಷ್ಟು ಗುಂಡಿ ತೋಡಿ, ಕಲ್ಲು ತೆಗೆದು, ಅಲ್ಲಿಂದ ಒಂದು ದಪ್ಪ ಕೊಳವೆ ಎತ್ತಿ, ಅಟ್ಟದ ಮೂಲಕ ಹೆಂಚಿನ ಮೇಲೆ ತಂದು ಬಿಟ್ಟರು. ಅಟ್ಟದಲ್ಲಿ ಒಂದು ಫ್ಯಾನು. ಅದು ನೆಲದಡಿಯ ಗಾಳಿ ಎಳೆದು ಮೇಲಕ್ಕೆ ಬಿಡುತ್ತೆ. ಗೋಡೆಯ ಮೇಲಿನ ಸ್ವಿಚ್ಚಿನ ಗುಂಡಿ ಒತ್ತಿದರೆ ಟಕ್, ಆಮೇಲೆ ಗುಯ್‌ಯ್... ಜೇನುಗೂಡಿನ ಹಾಗೆ ಒಂದೇ ಸಮ.

ಆ ರಾತ್ರಿ ಸವೇತಕ್ಕ ಮಲಗಿದಳು. ಕಾದಳು. ಫ್ಯಾನಿನ ಗುಯ್ ಬಿಟ್ಟರೆ ಏನೂ ಇಲ್ಲ. ಮಂಚದ ಅಂಚು ಸುಮ್ಮನಿತ್ತು. ಮರುದಿನವೂ ಇಲ್ಲ. ಅದರ ಮರುದಿನವೂ...

"ಹೋದ" ಅಂದಳು ಬೆಳಿಗ್ಗೆ ರವೇಕಳಿಗೆ, ಹಾಲು ಕಾಯಿಸುತ್ತ. ಸೌದೆ ಮುಗಿಯಿತು ಅಂದ ಹಾಗೆ.

ಹೋಗಿರಲಿಲ್ಲ. ಮೊದಲು ಹೇಳಿದವನು ತೋಡೆರ್. ಒಂದು ಸಂಜೆ ಬೇಲಿ ಆಚೆಯಿಂದ ಕೂಗಿದ. ಕುಡಿದಿದ್ದ, ಆದರೆ ಅಂಥದ್ದೇನಲ್ಲ.

"ಸವೇತಮ್ಮೋ! ಗಂಡನ್ನ ಹೊಗೆಗೂಡಿಗೆ ಹತ್ತಿಸಿದೀಯಲ್ಲ! ಒಳಗೆ ಕರ್ಕೊಳ್ಳಮ್ಮ, ನೆಗಡಿಯಾಗತ್ತೆ!"

ಅಂದವನು ಗಕ್ಕನೆ ಸುಮ್ಮನಾದ. ತನ್ನ ಮಾತೇ ತನಗೆ ಸರಿ ಬರಲಿಲ್ಲ ಅವನಿಗೆ. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಚಿಲಕ ಬಿದ್ದ ಸದ್ದು ಸವೇತಕ್ಕನ ಅಂಗಳದವರೆಗೆ ಕೇಳಿಸಿತು.

ಹೌದು, ನಾನು ಆವತ್ತು ಅಲ್ಲೇ ಇದ್ದೆ. ಹಂದಿ ಕಡಿಯೋ ಕಾಲ, ಸಾಸೇಜಿಗೆ ಕೈ ಬೇಕು ಅಂತ ಕರೆದಿದ್ದರು. ಸವೇತಕ್ಕ ನನ್ನ ತೋಳು ಹಿಡಿದು ಅಂಗಳಕ್ಕೆ ಕರೆದುಕೊಂಡು ಬಂದಳು. ಚಪ್ಪರದ ಕೆಳಗೆ ನಿಲ್ಲಿಸಿದಳು. ತುಟಿಯ ಮೇಲೆ ಬೆರಳಿಟ್ಟಳು. ಆಕಾಶದಲ್ಲಿ ನಕ್ಷತ್ರ. ಹೆಂಚಿನ ಮೇಲೆ ಕೊಳವೆ ಕಪ್ಪಗೆ ಕಾಣುತ್ತಿತ್ತು. ಮೊದಲು ಫ್ಯಾನಿನ ಗುಯ್ ಕೇಳಿಸಿತು, ದೂರದಿಂದ. ಆಮೇಲೆ... ಅದರ ಮೇಲೆ...

ಹ್ಞ... ಹ್ಞ... ಸುಯ್‌ಯ್‌ಯ್‌ಯ್.

ನನ್ನ ಕಿವಿಯಾರೆ ಕೇಳಿದ್ದು. ಗಾಳಿ ಇರಲಿಲ್ಲ. ಗಿಡದ ಒಂದು ಎಲೆ ಅಲುಗುತ್ತಿರಲಿಲ್ಲ.

"ಅಕ್ಕಾ... ಒಳಗೆ ಹೋಗೋಣ."

"ಇರು. ಈಗ ಸ್ವಲ್ಪ ಹೊತ್ತು ಕೆಮ್ಮತಾನೆ."

ಕೆಮ್ಮಿದ.

ನಾನು ಓಡಿ ಒಳಗೆ ಬಂದೆ. ಬಾಗಿಲಲ್ಲಿ ರವೇಕ ನಿಂತಿದ್ದಳು. ಕಿವಿಯನ್ನ ಆಕಾಶಕ್ಕೆ ಕೊಟ್ಟು. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು... ಅವಳಿಗೆ ಏನೂ ಕೇಳಿಸುತ್ತಿಲ್ಲ. ತೋಡೆರ್‌ಗೆ ಕೇಳಿಸಿತು, ನನಗೆ ಕೇಳಿಸಿತು, ಅವಳಿಗೆ ಮಾತ್ರ ಇಲ್ಲ.

"ಅಲ್ಲಿದಾನಾ?" ಅಂದಳು ನನ್ನ ಕಡೆ ತಿರುಗಿ.

ನಾನು ಹೂಂ ಅಂತ ತಲೆ ಆಡಿಸಿದೆ.

"ಹೊರಗೆ? ಈ ಚಳಿಯಲ್ಲಿ?"

ಆ ರಾತ್ರಿಯೇ ಅವಳು ಹೋಗಿ ಫ್ಯಾನು ನಿಲ್ಲಿಸಿದಳು. ಟಕ್. ಮನೆ ಸುಮ್ಮನಾಯಿತು. ತನ್ನ ಹಾಸಿಗೆ ಸುತ್ತಿಕೊಂಡು ಕೆಳಗೆ ಬಂದು ಸವೇತಕ್ಕನ ಮಂಚದ ಎದುರು ಹಾಸಿದಳು. ಕಿಟಕಿಯ ಹಿಡಿ ಇನ್ನೂ ಬಿಗಿಯಾಗಿ ತಿರುಗಿಸಿದಳು. ಬಾಗಿಲ ಕೆಳಗಿನ ಸಂದಿಗೆ ಹಳೇ ಕೋಟು ತುರುಕಿದಳು.

ಅವಳ ಬಾಯಲ್ಲಿ ನಾನು ಕೇಳಿದ ಅತಿ ಉದ್ದದ ಮಾತು ಅದೇ. ಪಿಸುಮಾತಲ್ಲೇ ಅಂದಳು, "ಅವನು ಕಟ್ಟಿದ ಮನೆ ಸವೇತ. ಗಾರೆ ಕಲಸಿದ ಕೈ ಇದು. ಅವನು ಹೆಂಚಿನ ಮೇಲೆ, ನಾವು ಒಳಗೆ ಬೆಚ್ಚಗೆ... ನಾನು ಸಾಯೋದಾದ್ರೆ ಸಾಯ್ತೀನಿ. ನನಗೆ ಏನು ಉಳಿದಿದೆ? ಆ ಮಿಷನ್ ಹಾಕಬೇಡ."

ಸವೇತಕ್ಕ ಗೋಡೆ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಸವೇತಕ್ಕ ಫ್ಯಾನು ಹಾಕುತ್ತಿದ್ದಳು. ರಾತ್ರಿ ರವೇಕ ಆರಿಸುತ್ತಿದ್ದಳು. ಚಳಿಗಾಲ ಪೂರ್ತಿ ಹೀಗೇ. ಮಾತಿಲ್ಲ. ಟಕ್... ಗುಯ್. ಟಕ್... ಮೌನ. ಫ್ಯಾನು ನಿಂತ ರಾತ್ರಿಗಳಲ್ಲಿ ಅವನು ಒಳಗೆ ಬಂದು ಸವೇತಕ್ಕನ ಕಾಲ ಬಳಿ ಕೂರುತ್ತಿದ್ದ. ಮೂರು ಮಾರು ದೂರದಲ್ಲಿ ರವೇಕ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಕೇಳಿಸುತ್ತಿರಲಿಲ್ಲ. ಕಿವುಡಿಯಲ್ಲ ಅವಳು. ಹೊಸಿಲಾಚೆ ಬೆಕ್ಕು ಕಾಲಿಟ್ಟರೆ ಗೊತ್ತಾಗುತ್ತಿತ್ತು ಅವಳಿಗೆ.

ಒಣಗಿಹೋದಳು ರವೇಕ. ಊಟ ಕಡಿಮೆಯಾಯಿತು. ಕೆನ್ನೆ ಒಳಗೆ ಹೋಯಿತು. ಕ್ರೀನ ಒಂದು ದಿನ ಬಂದು, ಫ್ಯಾನು ರಾತ್ರಿ ನಿಲ್ಲಿಸುತ್ತಾರೆ ಅಂತ ಗೊತ್ತಾಗಿ, ಕೈ ಮುಗಿಯುವುದೊಂದು ಬಾಕಿ.

"ಅಜ್ಜೀ, ಮಲಗೋ ಹೊತ್ತಲ್ಲೇ ಅದು ಬೇಕಾಗಿರೋದು. ಯಾಕೆ ಆರಿಸ್ತೀರ? ಸದ್ದು ಜಾಸ್ತೀನಾ?"

"ಸದ್ದು ಕಡಿಮೆ" ಅಂದಳು ರವೇಕ. ಹುಡುಗಿಗೆ ಅರ್ಥವಾಗಲಿಲ್ಲ.

ಒಂದು ರಾತ್ರಿ... ಹೊರಗೆ ಹಿಮ ಬೀಳುತ್ತಿತ್ತು, ಹಾಗೆ ಬೀಳುವಾಗ ಒಂದು ಮೆತ್ತನೆ ಸದ್ದಿರುತ್ತೆ, ಹಿಟ್ಟು ಜರಡಿ ಹಿಡಿದ ಹಾಗೆ... ರವೇಕ ಕತ್ತಲಲ್ಲಿ ಕರೆದಳು.

"ಸವೇತ."

"ಹ್ಞಾಂ."

"ಇದಾನಾ?"

"ಇದಾನೆ."

"ಅವನಿಗೆ ಹೇಳು... ಒಂದು ಸಲ ಈ ಕಡೆ ಬರೋಕೆ. ಒಂದೇ ಒಂದು ಸಲ. ನಾನಿನ್ನು ಕೇಳಲ್ಲ."

ಸವೇತಕ್ಕ ಅಲ್ಲಿಯವರೆಗೆ ಅವನ ಜೊತೆ ಮಾತಾಡಿರಲಿಲ್ಲ. ಅಷ್ಟು ರಾತ್ರಿಗಳಲ್ಲಿ ಒಂದು ಸಲವೂ ಇಲ್ಲ. ಎದ್ದು ಕೂತಳು. ಕಾಲ ಬಳಿ ಉಸಿರು ನಡೆಯುತ್ತಲೇ ಇತ್ತು.

"ಗ್ಲಿಗೋರ್" ಅಂದಳು. "ಅಕ್ಕ ಎದುರುಗಡೆ ಮಲಗಿದಾಳೆ. ಅಲ್ಲಿ ಹೋಗು."

ಹ್ಞ... ಹ್ಞ...

ಉದ್ದನೆಯದು ಬರಲಿಲ್ಲ.

ಹಾಸಿಗೆಯ ಅಂಚು, ಯಾರೋ ಎದ್ದರೆ ಮೇಲೆ ಬರುತ್ತಲ್ಲ, ಹಾಗೆ ಮೇಲೆ ಬಂತು. ಹಲಗೆ ಕಟ್ ಅಂತು. ಆಮೇಲೆ ಸುಮಾರು ಹೊತ್ತು ಹಿಮ ಬೀಳುವ ಸದ್ದು ಬಿಟ್ಟು ಬೇರೇನೂ ಇಲ್ಲ. ಸವೇತಕ್ಕ ಕಿವಿಗೊಟ್ಟಳು. ಅವಳಿಗೆ ಈಗ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಆಚೆ ಹಾಸಿಗೆಯಿಂದ ರವೇಕ ಅಂದಳು,

"ಬಂದ."

ಒಂದೇ ಮಾತು. ಆಮೇಲೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಸವೇತಕ್ಕನಿಗೆ ಗೊತ್ತಾಗಲಿಲ್ಲ. ಹಸುಗೂಸಿನ ಬೆನ್ನು ತಟ್ಟುವ ಸದ್ದು ಕೇಳಿಸಿತಂತೆ. ತಪ್... ತಪ್... ತಪ್... ಬಹಳ ಹೊತ್ತು.

"ನಿನಗೇನನಿಸ್ತು ಆಗ?" ಅಂತ ಕೇಳಿದೆ ನಾನು.

"ಕಾಲ ಹತ್ರ ಹಾಸಿಗೆ ತಣ್ಣಗಿತ್ತು" ಅಂದಳು. "ಮುಟ್ಟಿ ನೋಡ್ದೆ. ತಣ್ಣಗಿತ್ತು ಅಂತ ಗೊತ್ತಾಯ್ತು. ಅಷ್ಟು ದಿನದಲ್ಲಿ ಅದೊಂದು ಗೊತ್ತಾಗಿದ್ದು."

ಬೆಳಿಗ್ಗೆ ಎದ್ದಾಗ ರವೇಕ ಒಲೆಯ ಬೂದಿ ಬಾಚುತ್ತಿದ್ದಳು. ಬಾಗಿಲ ಸಂದಿಯ ಕೋಟು ತೆಗೆದು ಮೊಳೆಗೆ ನೇತುಹಾಕಿದ್ದಳು.

"ಮಾತಾಡಿದ್ನಾ?" ಅಂತ ಸವೇತಕ್ಕ ಕೇಳಿದಳು.

ರವೇಕ ಬೂದಿ ಬಾಚುತ್ತಲೇ ಇದ್ದಳು.

"ಏನಂದ ಅತ್ತಿಗೆ?"

"ಅಕ್ಕಾ, ಹೊರಗೆ ಉಸಿರು ಸಿಗತ್ತೆ ಅಂದ."

ಅಷ್ಟು ಹೇಳಿ, ಕೈ ಒರೆಸಿಕೊಂಡು ಎದ್ದು, ಗೋಡೆ ಹತ್ತಿರ ಹೋಗಿ ಫ್ಯಾನಿನ ಗುಂಡಿ ಅವಳೇ ಒತ್ತಿದಳು. ಟಕ್. ಗುಯ್‌ಯ್... ಆಮೇಲೆ ಎಲ್ಲ ಕಿಟಕಿ ಒಂದೊಂದಾಗಿ ತೆರೆದಳು. ಹಿಮದ ಗಾಳಿ ಒಳಗೆ ನುಗ್ಗಿತು. ಗೋಡೆಯ ಕ್ಯಾಲೆಂಡರು ಪಟಪಟ ಹೊಡೆದುಕೊಂಡಿತು.

ಸವೇತಕ್ಕ ಶಾಲು ಹೊದ್ದು ನಿಂತಿದ್ದಳು. "ಇಷ್ಟು ದಿನ ನನ್ನ ಕಾಲ ಹತ್ರ ಕೂತ" ಅಂದಳು. "ನನ್ನ ಜೊತೆ ಒಂದು ಮಾತು ಆಡಲಿಲ್ಲ."

ರವೇಕ ಅವಳನ್ನ ನೋಡಿದಳು. "ನೀನು ಕೇಳಿದ್ಯೇನೇ?"

ಸವೇತಕ್ಕ ಇಲ್ಲ ಅಂತ ತಲೆಯಾಡಿಸಿದಳು.

ಅಲ್ಲಿಂದ ಮುಂದೆ ಆ ಫ್ಯಾನು ನಿಂತಿಲ್ಲ. ರವೇಕ ಮತ್ತೆ ಅಟ್ಟಕ್ಕೆ ಹೋದಳು. ದಿನಾ ಬೆಳಿಗ್ಗೆ ಕಿಟಕಿ ತೆಗೆಯೋದು, ಒಂದು ಒಲೆ ರೊಟ್ಟಿ ಬೇಯುವಷ್ಟು ಹೊತ್ತು ಬಿಡೋದು, ಆಮೇಲೆ ಹಾಕೋದು. ಯಾರ ಮನೆಗೆ ಹೋದರೂ ಮೊದಲು ಕಿಟಕಿ ಕಡೆ ನೋಡುತ್ತಿದ್ದಳು. ಮುಚ್ಚಿದ್ದರೆ ಕೇಳದೇ ಎದ್ದು ಹೋಗಿ ತೆಗೆಯುತ್ತಿದ್ದಳು. ಜನ ಬೈದುಕೊಳ್ಳುತ್ತಿದ್ದರು. ನನಗೆ ಈ ಅಭ್ಯಾಸ ಅವಳಿಂದಲೇ ಬಂದಿದ್ದು. ಕ್ರೀನ ಮತ್ತೆ ಡಬ್ಬಿ ಇಟ್ಟು ತೆಗೆದು, ಈಗ ಗಾಳಿ ಚೆನ್ನಾಗಿದೆ ಅಂತ ಹೇಳಿ ಇಬ್ಬರನ್ನೂ ತಬ್ಬಿಕೊಂಡು ಹೋದಳು. ಸವೇತಕ್ಕ ಮೊದಲಿನ ಹಾಗೇ ಇದ್ದಳು. ಕೆಲಸ ಮಾಡುತ್ತಿದ್ದಳು, ಊಟ ಮಾಡುತ್ತಿದ್ದಳು, ಕರೆದರೆ ಓ ಅನ್ನುತ್ತಿದ್ದಳು. ಕೆಲವು ಸಂಜೆ ಚಪ್ಪರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದಳು. ಏನಾದರೂ ಕೇಳುತ್ತಿದ್ದಳೋ, ಏನು ಕೇಳುತ್ತಿದ್ದಳೋ... ನನಗೆ ಹೇಳಲಿಲ್ಲ.

ಇನ್ನೊಂದಿದೆ. ಇದನ್ನ ಹೇಳದೆ ಮುಗಿಸಬಾರದು.

ಆ ಚಳಿಗಾಲ ಮುಗಿಯುತ್ತ ಬಂದಾಗ ಗ್ಲಿಗೋರ್ ಭಾವನ ಎರಡನೇ ವರ್ಷದ ಸ್ಮರಣೆ ಬಂತು. ಹಿಂದಿನ ದಿನವೇ ನಾನು ಹೋಗಿದ್ದೆ. ಸತ್ತವರ ಹೆಸರಲ್ಲಿ ಹಂಚುವ ಕೊಲಿವ ಮಾಡಿದೆವು. ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು, ನಿಂಬೆ ಸಿಪ್ಪೆ ಹಾಕಿ. ಚರ್ಚಿಗೆ ಒಂದು ದೊಡ್ಡ ತಟ್ಟೆ. ರವೇಕ ಒಂದು ಗಾಜಿನ ಜಾಡಿಯಲ್ಲಿ ಕುತ್ತಿಗೆಯವರೆಗೆ ಬೇರೆ ತುಂಬಿ, ತವರದ ಮುಚ್ಚಳ ತಿರುಗಿಸಿ ಹಾಕಿ, ತೋಡೆರ್‌ನ ಕರೆಸಿದಳು.

"ಮೇಲೆ ಇಟ್ಟು ಬಾ. ಕೊಳವೆ ಪಕ್ಕ."

ತೋಡೆರ್ ಆವತ್ತು ಒಂದು ತಮಾಷೆಯೂ ಮಾಡಲಿಲ್ಲ. ಟೋಪಿ ತೆಗೆದು ಜೇಬಿನಲ್ಲಿ ಇಟ್ಟುಕೊಂಡು ಏಣಿ ಹತ್ತಿದ. ಏಣಿ ಹಿಡಿದಿದ್ದವಳು ನಾನು. ಜಾಡಿ ಇಟ್ಟು ಬಂದ. ಏಣಿ ಅವನ ಮನೆಗೇ ಹೊತ್ತುಕೊಂಡು ಹೋದ.

ಬೆಳಿಗ್ಗೆ ಚರ್ಚಿನಿಂದ ಬಂದ ಮೇಲೆ ಜಾಡಿ ಇಳಿಸು ಅಂದಳು ರವೇಕ. ಹಕ್ಕಿ ಒಡೆದು ಹಾಕಿರುತ್ತೆ, ಗಾಜು ಅಂಗಳಕ್ಕೆ ಬೀಳುತ್ತೆ ಅಂತ. ತೋಡೆರ್ ಮತ್ತೆ ಏಣಿ ತಂದ. ನಾನು ಹಿಡಿದೆ. ಹತ್ತಿದ. ಇಳಿದು ಬಂದ, ಜಾಡಿಯನ್ನ ನನ್ನ ಕೈಗೆ ಕೊಟ್ಟ, ಟೋಪಿ ಹಾಕಿಕೊಳ್ಳೋದನ್ನ ಮರೆತು ಮನೆಗೆ ಹೋದ.

ನಂಬೋದಾದರೆ ನಂಬು, ಬಿಡೋದಾದರೆ ಬಿಡು. ನನ್ನ ಈ ಎರಡು ಕೈಯಲ್ಲಿ ಹಿಡಿದುಕೊಂಡಿದ್ದೀನಿ. ಜಾಡಿ ಖಾಲಿ. ಮುಚ್ಚಳ ತಿರುಗಿಸಿ ಬಿಗಿಯಾಗಿ ಹಾಕಿತ್ತು. ತೆಗೆಯೋಕೆ ನಾನು ಬಟ್ಟೆ ಸುತ್ತಿ ತಿರುಗಿಸಬೇಕಾಯ್ತು. ಒಳಗೆ ಒಂದು ಗೋಧಿ ಕಾಳು ಅಂಟಿರಲಿಲ್ಲ.

ತೊಳೆದಿತ್ತು. ನೀರಿನ ಹನಿ ಇನ್ನೂ ಆರಿರಲಿಲ್ಲ.